ಅಭಯವೂ ರಾಜನೀತಿಯೂ

ಕುಂದಾಪುರದಿಂದ ಮೂಡಣಕ್ಕೆ ಹೊರಟು, ಸಿದ್ದಾಪುರವನ್ನು ಹಾದು, ಹೊಸಂಗಡಿಯಲ್ಲಿ ಬಾಳೆಬರೆ ಘಾಟಿಯ ಬುಡವನ್ನು ಮುಟ್ಟಿ, ಅಲ್ಲಿಂದ ಹುಲಿಕಲ್ಲಿನ ನೆತ್ತಿಗೇರಿ ನಗರವನ್ನು ಸೇರುವ ದಾರಿಯು ನಮ್ಮ ಸೀಮೆಯ ಹಳೆಯ ದಾರಿಗಳಲ್ಲೊಂದು. ಇಂದು ನಗರವೆನಿಸಿಕೊಂಡಿರುವ ಊರು ಕೆಳದಿಯ ಅರಸರ ಕಾಲದಲ್ಲಿ ಬಿದನೂರು. ಬಸರೂರಿನ ಬಂದರದಲ್ಲಿ ಇಳಿದ ಸರಕು ಹೇರೆತ್ತುಗಳ ಬೆನ್ನೇರಿ ಆ ರಾಜಧಾನಿಗೆ ಹೋಗುತ್ತಿದ್ದುದೂ, ಘಟ್ಟದ ಮೇಲಿನ ಮೆಣಸು ಅಡಕೆಗಳು ಕಡಲಿಗಿಳಿಯುತ್ತಿದ್ದುದೂ ಬಹುಮಟ್ಟಿಗೆ ಈ ಘಾಟಿಯಿಂದಲೇ. ಸರಕು ನಡೆದ ದಾರಿಯಲ್ಲಿ ಸೈನ್ಯವೂ ನಡೆಯಿತು. 1783ರ ಜನವರಿಯಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಟಿಪ್ಪುವಿನ ಕಾವಲುಗಳನ್ನು ಒಂದೊಂದಾಗಿ ಒಡೆಯುತ್ತ ಬಿದನೂರಿಗೇರಿದುದು ಹೊಸಂಗಡಿಯ ಘಾಟಿಯಲ್ಲಿ. ಕೆಲವೇ ತಿಂಗಳುಗಳಲ್ಲಿ ಅದೇ ಬಿದನೂರಿನಲ್ಲಿ ಅವನು ಸೆರೆಯಾದನು. ಆದುದರಿಂದ ರಾಜ್ಯ ರಾಜ್ಯಗಳ ಸಂಬಂಧವೆಂಬುದು ದೂರದ ರಾಜಧಾನಿಯಲ್ಲಿ ಕುಳಿತವರ ಚಿಂತೆ, ಅಡಕೆ ತೋಟದ ನಡುವೆ ಬಾಳುವವರಿಗೆ ಅದರಿಂದ ಏನು ಎಂಬ ಮಾತು ಬೇರೆಲ್ಲಿ ಒಪ್ಪಿದರೂ ಸಿದ್ದಾಪುರದಲ್ಲಿ ಒಪ್ಪತಕ್ಕದ್ದಲ್ಲ.

ನೆರೆಯ ರಾಜ್ಯವೊಂದು ಯುದ್ಧದಲ್ಲಿ ಬೇಯುತ್ತಿರುವಾಗ ಅದರ ಪಕ್ಕದ ರಾಜ್ಯವು ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಯನ್ನು ನಾವು ರಾಯಭಾರಿಗಳಿಗೂ ಸೇನಾಪತಿಗಳಿಗೂ ಬಿಟ್ಟುಕೊಟ್ಟು ಸುಮ್ಮನಿರುತ್ತೇವೆ. ಅವರು ಲಾಭನಷ್ಟಗಳನ್ನು ತೂಗಿ ಉತ್ತರ ಹೇಳುತ್ತಾರೆ. ಅದು ಅವರ ಕೆಲಸ, ಅವಶ್ಯವಾದ ಕೆಲಸ. ಆದರೆ ಆ ಪ್ರಶ್ನೆಯ ತಳದಲ್ಲಿ ಇನ್ನೊಂದು ಪ್ರಶ್ನೆ ಇದ್ದೇ ಇದೆ, ಅದು ಧರ್ಮಜಿಜ್ಞಾಸೆಗೆ ಸೇರಿದುದು. ಬಿಸಿಲಿನಲ್ಲಿ ನಡೆದು ಬಂದವನಿಗೆ ಆಸರಿಗೆಂದು ಬೆಲ್ಲ ನೀರು ಕೊಟ್ಟು, ಚಾವಡಿಯಲ್ಲಿ ಕುಳ್ಳಿರಿಸಿ, ಆ ಬಳಿಕ ಊರು ಮನೆ ವಿಚಾರಿಸುವುದು ನಮ್ಮ ಸೀಮೆಯ ಗೃಹಸ್ಥಧರ್ಮ. ಒಬ್ಬ ಗೃಹಸ್ಥನಿಗೆ ಧರ್ಮವೆನಿಸಿದ ಈ ನಡತೆಯು ಲಕ್ಷಾಂತರ ಗೃಹಸ್ಥರು ಕೂಡಿ ಆದ ರಾಜ್ಯಕ್ಕೂ ಧರ್ಮವಾಗುವುದೆ? ಇಲ್ಲವೆ, ರಾಜ್ಯವಾಗಿ ಕೂಡಿದೊಡನೆ ನಮ್ಮೆಲ್ಲರ ಧರ್ಮವು ಕಳಚಿಬಿದ್ದು ಹಿತವೆಂಬುದೊಂದೇ ಉಳಿಯುವುದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಗ್ರಂಥಗಳಿಗೆ ಹೋಗುವ ಮುನ್ನ, ಇದೇ ಘಾಟಿಯ ತಲೆಯ ಮೇಲೆ 1689ರಲ್ಲಿ ನಡೆದುದನ್ನು ಒಮ್ಮೆ ನೋಡತಕ್ಕದ್ದು.

ಆ ಕಥೆಯು ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಮೊದಲು, ಬಸರೂರಿನಲ್ಲಿ ಆರಂಭವಾಗುತ್ತದೆ. 1665ರ ಫೆಬ್ರವರಿಯಲ್ಲಿ ಶಿವಾಜಿಯು ಮಾಲವಣದಿಂದ 80ಕ್ಕೂ ಹೆಚ್ಚು ಹಡಗುಗಳೊಡನೆ ಕಡಲ ಮೇಲೆ ಹೊರಟು ಬಸರೂರಿನ ಮೇಲೆ ಬಿದ್ದು, ಸಂಪದ್ಭರಿತವಾದ ಆ ಪೇಟೆಯನ್ನು ಸೂರೆ ಮಾಡಿ, ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ ಹೋದನು. ಪೋರ್ಚುಗೀಸರ ಹಿಡಿತದಿಂದ ಶಿವಪ್ಪ ನಾಯಕನು ಬಿಡಿಸಿಕೊಂಡು ಹತ್ತು ಹನ್ನೆರಡು ವರ್ಷವಷ್ಟೇ ಆಗಿದ್ದ ಬಂದರವದು. ಬಿದನೂರಿನ ಬೊಕ್ಕಸಕ್ಕೆ ಅದರಿಂದ ಬರುತ್ತಿದ್ದ ಸುಂಕವು ಅಲ್ಪವಲ್ಲ. ಕೆಳದಿಯಲ್ಲಿ ಆಗ ಆಳುತ್ತಿದ್ದವನು ಸೋಮಶೇಖರ ನಾಯಕ, ಅವನ ಕೈಹಿಡಿದು ರಾಣಿಯಾದವಳು ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳಾದ ಚೆನ್ನಮ್ಮ. ಘಟ್ಟವನ್ನೇರಿ ಅರಮನೆಗೆ ಮುಟ್ಟಿದ ಬಸರೂರಿನ ವರ್ತಕರ ಮೊರೆಯ ಮಾತನ್ನು ಆಕೆಯೂ ಕೇಳಿರಲೇಬೇಕು. ಮರಾಠರು ಎಂಬ ಹೆಸರು ಆ ಅರಮನೆಯಲ್ಲಿ ಸ್ನೇಹದ ಹೆಸರಾಗಿ ಉಳಿದಿರಲು ಕಾರಣವಿರಲಿಲ್ಲ.

ಮುಂದೆ ಸೋಮಶೇಖರನು ತೀರಿಕೊಂಡು, ವಾರಸುದಾರನಿಲ್ಲದ ಸಿಂಹಾಸನದ ಮೇಲೆ ಹತ್ತಾರು ಕಣ್ಣುಗಳು ಬಿದ್ದು, ಬಿಜಾಪುರದ ಸೈನ್ಯವು ಬಿದನೂರಿನ ಮೇಲೆ ಏರಿಬಂದಾಗ, ಚೆನ್ನಮ್ಮನು ರಾಜಧಾನಿಯನ್ನು ಬಿಟ್ಟು ಕವಲೇದುರ್ಗದ ಕಾಡುಕೋಟೆಯನ್ನು ಸೇರಿಕೊಂಡು, ಅಲ್ಲಿಂದ ಬಲ ಕೂಡಿಸಿ ರಾಜ್ಯವನ್ನು ಮರಳಿ ಪಡೆಯಬೇಕಾಯಿತು. ಅಟ್ಟಿಸಿಕೊಂಡು ಬಂದವರ ಮುಂದೆ ಓಡುವುದೆಂದರೇನು, ಬೆಟ್ಟದ ಮೇಲಿನ ಬಾಗಿಲೊಂದು ತೆರೆದಿರುವುದೆಂದರೇನು ಎಂಬುದನ್ನು ಆಕೆ ಅನುಭವದಿಂದ ಬಲ್ಲವಳು. ಇತಿಹಾಸಕಾರರು ಈ ಸಂಗತಿಯನ್ನು ಆಕೆಯ ಶೌರ್ಯದ ಪೀಠಿಕೆಯಾಗಿ ಹೇಳುತ್ತಾರೆ. ನನಗೆ ಇದು ಆಕೆಯ ಧರ್ಮಪ್ರಜ್ಞೆಯ ಪೀಠಿಕೆಯಾಗಿ ತೋರುತ್ತದೆ.

1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ವಶವಾದವು. 1689ರ ಫೆಬ್ರವರಿ ಮೊದಲಲ್ಲಿ ಶಿವಾಜಿಯ ಮಗ ಸಂಭಾಜಿಯು ಸಂಗಮೇಶ್ವರದಲ್ಲಿ ಸಿಕ್ಕಿಬಿದ್ದು ಮಾರ್ಚಿಯಲ್ಲಿ ಘೋರವಾಗಿ ಕೊಲ್ಲಲ್ಪಟ್ಟನು. ರಾಯಗಡಕ್ಕೆ ಮುತ್ತಿಗೆ ಬಿದ್ದಿತು. ಅವನ ತಮ್ಮನಾದ ರಾಜಾರಾಮನು, ಇನ್ನೂ ಇಪ್ಪತ್ತರ ಹರೆಯದವನು, ಕೋಟೆಯಿಂದ ಕೋಟೆಗೆ ಜಾರಿಕೊಳ್ಳುತ್ತ ಪನ್ಹಾಳೆಯನ್ನು ಸೇರಿ, ಸೆಪ್ಟೆಂಬರಿನ ಕೊನೆಯಲ್ಲಿ ಬೆರಳೆಣಿಕೆಯ ಸಂಗಾತಿಗಳೊಡನೆ ಲಿಂಗಾಯತ ಯಾತ್ರಿಕರ ವೇಷದಲ್ಲಿ ಕನ್ನಡ ನಾಡಿನೊಳಗೆ ಇಳಿದನು. ಸವದತ್ತಿ, ನವಲಗುಂದ, ಅಣ್ಣಿಗೇರಿ, ಲಕ್ಷ್ಮೇಶ್ವರಗಳ ಬಯಲನ್ನು ದಾಟಿ, ಬೆನ್ನಟ್ಟಿದ ಮೊಗಲರ ಕುದುರೆಗಳಿಗೆ ತುಂಗಭದ್ರೆಯ ತೀರದಲ್ಲಿ ಸಂಗಡಿಗರಲ್ಲಿ ಹಲವರನ್ನು ಕಳೆದುಕೊಂಡು, ಅವನು ಮುಟ್ಟಿದುದು ಬಿದನೂರಿನ ರಾಜ್ಯವನ್ನು. ದಕ್ಷಿಣದಲ್ಲಿ ದೊಡ್ಡ ಸುಲ್ತಾನರು ಅಳಿದು, ದಿಲ್ಲಿಯ ಚಕ್ರವರ್ತಿಯು ಸ್ವತಃ ಲಕ್ಷೋಪಲಕ್ಷ ಸೈನ್ಯದೊಡನೆ ದಖ್ಖನಿನಲ್ಲಿ ಬೀಡುಬಿಟ್ಟಿದ್ದ ಹೊತ್ತು. ತನ್ನ ಬಂದರವನ್ನು ದೋಚಿದವನ ಮಗನು ತನ್ನ ಗಡಿಯೊಳಗೆ ಬಂದು ನಿಂತಿರುವನೆಂಬ ವಾರ್ತೆಯನ್ನು ಚೆನ್ನಮ್ಮನು ಕೇಳಿದಾಗ, ಆಕೆಯ ಮುಂದೆ ಇದ್ದ ಪ್ರಶ್ನೆಯು ಇಂದಿಗೂ ಎಲ್ಲ ರಾಜ್ಯಗಳ ಮುಂದೆ ಇರುವ ಪ್ರಶ್ನೆಯೇ ಆಗಿತ್ತು.

ಆ ಪ್ರಶ್ನೆಗೆ ರಾಜನೀತಿಶಾಸ್ತ್ರವು ಕೊಡುವ ಉತ್ತರವು ಅಸ್ಪಷ್ಟವಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ ಲೋಕಕ್ಕೆ ಮರಳಿದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ, ಗಡಿಗೆ ಗಡಿ ತಾಗಿದ ಅರಸನು ಸ್ವಭಾವತಃ ಶತ್ರು, ಅವನ ಆಚೆಯವನು ಮಿತ್ರ. ಮತ್ತು ವ್ಯಸನಕ್ಕೆ ಸಿಕ್ಕಿದ ಶತ್ರುವು ಏರಿಹೋಗಲು ತಕ್ಕವನು. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಆರು ಗುಣಗಳಲ್ಲಿ ಚೆನ್ನಮ್ಮನಿಗೆ ಸುಲಭವಾಗಿ ಒದಗುತ್ತಿದ್ದುದು ಆಸನ, ಎಂದರೆ ಸುಮ್ಮನೆ ಕುಳಿತಿರುವುದು. ಆ ತರುಣನನ್ನು ಹಿಡಿದೊಪ್ಪಿಸಿದ್ದರೆ ಚಕ್ರವರ್ತಿಯ ಅನುಗ್ರಹವೂ ದೊರೆಯುತ್ತಿತ್ತು. ಆಕೆ ಎರಡನ್ನೂ ಮಾಡಲಿಲ್ಲ. ತನ್ನ ರಾಜ್ಯದೊಳಗೆ ಅವನಿಗೆ ಆಶ್ರಯ ಕೊಟ್ಟು, ದಾರಿ ಬಲ್ಲವರ ನೆರವಿನಿಂದ ಮಲೆಯ ಮರೆಯಲ್ಲಿ ಮುಂದೆ ದಾಟಿಸಿ, ಜಿಂಜಿಯ ಕಡೆಗೆ ಕಳುಹಿಸಿಕೊಟ್ಟಳು. ನವೆಂಬರಿನಲ್ಲಿ ಅವನು ಜಿಂಜಿಯನ್ನು ಸೇರಿದನು; ಮುಂದೆ ಎಂಟು ವರ್ಷ ಮರಾಠರ ರಾಜ್ಯವು ಆ ತಮಿಳು ಕೋಟೆಯಿಂದ ಉಸಿರಾಡಿತು.

ಇದರ ಫಲವನ್ನು ಕೆಳದಿಯು ಉಣ್ಣಲೇಬೇಕಾಯಿತು. ಮೊಗಲರ ಸೈನ್ಯವು ಬಿದನೂರಿನ ಮೇಲೆ ನಡೆದು ಬಂದಿತು. ಲಿಂಗಣ್ಣ ಕವಿಯ ಕೆಳದಿನೃಪವಿಜಯವು ಅದು ರಾಣಿಯ ಗೆಲುವೆಂದು ಹೇಳುತ್ತದೆ. ಔರಂಗಜೇಬನ ಆಳ್ವಿಕೆಯ ಪಾರಸಿ ಬಖೈರುಗಳು, ರಾಣಿಯು ದಂಡ ತೆತ್ತು ಸೈನ್ಯವನ್ನು ಹಿಂದಿರುಗಿಸಿದಳೆಂದು ಬರೆದಿಡುತ್ತವೆ. ಎರಡೂ ಬೇರೆ ಬೇರೆ ಮುಖದಿಂದ ನಿಜವಿರಬಹುದು, ಏಕೆಂದರೆ ಮಲೆನಾಡಿನ ಕಾಡಿನಲ್ಲಿ ಸೋತು ಸೊರಗಿದ ದೊಡ್ಡ ಸೈನ್ಯಕ್ಕೂ ಮರ್ಯಾದೆಯಿಂದ ಹಿಂದಿರುಗಲು ಒಂದು ಹೊರೆ ಹೊನ್ನು ಬೇಕಾಗುತ್ತದೆ. ನಮ್ಮ ಶಾಲೆಗಳಲ್ಲಿ ಗೆಲುವಿನ ಪಾಠವನ್ನು ಮಾತ್ರ ಕಲಿಸುತ್ತಾರೆ. ಆದರೆ ಧರ್ಮದ ದೃಷ್ಟಿಯಿಂದ ಈ ದಂಡವೇ ಹೆಚ್ಚು ವಿಚಾರಾರ್ಹವಾದುದು. ಗೆದ್ದ ಅಭಯಕ್ಕಿಂತ ಬೆಲೆ ತೆತ್ತ ಅಭಯದಲ್ಲಿ ನಿಜವಾದ ಪ್ರಶ್ನೆ ಅಡಗಿದೆ.

ಆ ಪ್ರಶ್ನೆ ಇದು. ಪಾರಿವಾಳವೊಂದು ಗಿಡುಗನಿಗೆ ಹೆದರಿ ತೊಡೆಯ ಮೇಲೆ ಬಂದು ಕುಳಿತಾಗ ಶಿಬಿ ಚಕ್ರವರ್ತಿಯು ಕೊಯ್ದುಕೊಟ್ಟುದು ತನ್ನ ಮಾಂಸವನ್ನು. ಚೆನ್ನಮ್ಮನು ಕೊಟ್ಟ ಅಭಯದಲ್ಲಿ ತಕ್ಕಡಿಗೆ ಬಿದ್ದುದು ಯಾರ ಮಾಂಸ? ಘಾಟಿಯ ಕಾವಲಿನಲ್ಲಿ ನಿಂತ ಸಿಪಾಯಿಯದು, ಶಿವಪ್ಪ ನಾಯಕನ ಶಿಸ್ತಿನ ಪ್ರಕಾರ ಗದ್ದೆಗೂ ತೋಟಕ್ಕೂ ತೆರಿಗೆ ಎತ್ತಿದ ರೈತನದು. ಸಿದ್ದಾಪುರದ ಆಸುಪಾಸಿನಲ್ಲಿ ಅಂದು ಬೇಸಾಯ ಮಾಡುತ್ತಿದ್ದವನು ತಾನು ಹೆಸರು ಕೇಳದ ತರುಣನೊಬ್ಬನ ಪ್ರಾಣಕ್ಕಾಗಿ ದಂಡದ ಪಾಲನ್ನು ಹೊತ್ತಿರಬೇಕು. ಅವನನ್ನು ಯಾರೂ ಕೇಳಲಿಲ್ಲ. ಗೃಹಸ್ಥನು ತನ್ನ ಅನ್ನವನ್ನು ಹಂಚಿದರೆ ಅದು ದಾನ. ಪಾರುಪತ್ಯಗಾರನು ದೇವಸ್ಥಾನದ ಉಗ್ರಾಣವನ್ನು ತನ್ನ ದಯೆಗಾಗಿ ಖಾಲಿಮಾಡಿದರೆ ಅದನ್ನು ಏನೆಂದು ಕರೆಯೋಣ? ರಾಜ್ಯಕ್ಕೆ ಧರ್ಮವಿಲ್ಲ, ಹಿತವೊಂದೇ ಇದೆ ಎಂದು ವಾದಿಸುವವರ ಬಲವೆಲ್ಲ ಈ ಒಂದು ಆಕ್ಷೇಪದಲ್ಲಿದೆ. ಅವರನ್ನು ಕಠಿನಹೃದಯರೆಂದು ಜರೆದು ಮುಂದೆ ಹೋಗುವುದು ನ್ಯಾಯವಲ್ಲ. ಅವರು ಒಬ್ಬ ಬಡವನ ಪರವಾಗಿಯೇ ಮಾತನಾಡುತ್ತಿದ್ದಾರೆ.

ಈ ಆಕ್ಷೇಪವನ್ನು ನಮ್ಮ ಸೀಮೆಯವರು ಪುಸ್ತಕದಿಂದ ಕಲಿತವರಲ್ಲ, ಬಯಲಾಟದ ರಂಗಸ್ಥಳದ ಮುಂದೆ ಕುಳಿತು ಕಲಿತವರು. ಕೃಷ್ಣಾರ್ಜುನ ಕಾಳಗದ ಪ್ರಸಂಗವನ್ನು ನೋಡದ ಊರು ಕುಂದಾಪುರದ ಸುತ್ತಮುತ್ತ ಇರಲಾರದು. ಗಯನೆಂಬ ಗಂಧರ್ವನು ಆಕಾಶದಲ್ಲಿ ಹೋಗುವಾಗ ಉಗುಳಿದ ತಾಂಬೂಲವು ಅರ್ಘ್ಯಕ್ಕೆ ನಿಂತ ಕೃಷ್ಣನ ಬೊಗಸೆಯಲ್ಲಿ ಬೀಳುತ್ತದೆ. ಅವನನ್ನು ಕೊಲ್ಲುವೆನೆಂದು ಕೃಷ್ಣನು ಶಪಥ ಮಾಡುತ್ತಾನೆ. ಗಯನು ಓಡಿ ಓಡಿ ಅರ್ಜುನನ ಕಾಲಿಗೆ ಬೀಳುತ್ತಾನೆ. ಬೆನ್ನಟ್ಟಿದವನಾರೆಂದು ತಿಳಿಯುವ ಮೊದಲೇ ಅರ್ಜುನನು ಅಭಯ ಕೊಟ್ಟುಬಿಟ್ಟಿರುತ್ತಾನೆ. ತಿಳಿದ ಮೇಲೆ ಮಾತನ್ನು ಹಿಂದೆಗೆದುಕೊಳ್ಳಬಹುದಿತ್ತು. ಎದುರಿಗಿರುವವನು ಸಖ, ಬಂಧು, ಸಾರಥಿ, ಸಾಕ್ಷಾತ್ ಭಗವಂತ. ಪಾಂಡವರ ಸರ್ವಹಿತವೂ ಅವನ ಕೈಯಲ್ಲಿದೆ. ಆದರೂ ಅರ್ಜುನನು ಗಾಂಡೀವವನ್ನೆತ್ತುತ್ತಾನೆ, ಮತ್ತು ಬಡಗುತಿಟ್ಟಿನ ಪ್ರೇಕ್ಷಕನು, ಕೃಷ್ಣನಿಗೆ ದಿನವೂ ಕೈಮುಗಿಯುವವನು, ಆ ರಾತ್ರಿ ಅರ್ಜುನನ ಪಕ್ಷದಲ್ಲಿ ಕುಳಿತಿರುತ್ತಾನೆ. ಭಕ್ತಿಗೆ ವಿರೋಧವಾಗಿ ಅಭಯವು ನಿಂತಾಗ ಭಕ್ತನೇ ಅಭಯದ ಕಡೆಗೆ ಒಲಿಯುವುದು ಸಾಮಾನ್ಯವಾದ ವಿಷಯವಲ್ಲ. ವ್ಯಾಸಭಾರತದಲ್ಲಿಲ್ಲದ ಈ ಕಥೆಯನ್ನು ನಮ್ಮ ಜನರು ಇಷ್ಟು ಪ್ರೀತಿಯಿಂದ ಉಳಿಸಿಕೊಂಡು ಬಂದಿರುವುದರಲ್ಲಿ, ಶರಣಾಗತರಕ್ಷಣೆಯು ಉಳಿದ ಹಿತಗಳೊಡನೆ ತೂಗತಕ್ಕ ಒಂದು ಹಿತವಲ್ಲ, ಉಳಿದ ಹಿತಗಳು ನಿಲ್ಲುವ ನೆಲವೆಂಬ ಅರಿವು ಇದೆ ಎಂದು ನಾನು ನಂಬುತ್ತೇನೆ.

ಅರ್ಜುನನೂ ಒಬ್ಬನೇ ಅಲ್ಲವಷ್ಟೆ. ಅಣ್ಣತಮ್ಮಂದಿರ ರಾಜ್ಯವನ್ನೇ ಅವನು ಪಣಕ್ಕೊಡ್ಡಿದನು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಗಂಟೆಗಟ್ಟಲೆ ಕೆದಕುವ ಎಡೆಯೂ ಇದೇ. ಅದರ ಸಮಾಧಾನವು, ನನಗೆ ತೋರುವಂತೆ, ಶಾಂತಿಪರ್ವದಲ್ಲಿ ರಾಜ್ಯದ ಹುಟ್ಟನ್ನು ಹೇಳುವ ಕಥೆಯಲ್ಲಿದೆ. ಅರಸನಿಲ್ಲದ ಕಾಲದಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವಂತೆ ಬಲ್ಲಿದರು ಬಡವರನ್ನು ನುಂಗುತ್ತಿರಲು, ಹೆದರಿದ ಜನರು ಕೂಡಿ ಮನುವಿನ ಬಳಿಗೆ ಹೋಗಿ, ನಮ್ಮನ್ನು ಕಾಪಾಡು, ನಮ್ಮ ಬೆಳೆಯಲ್ಲಿ ನಿನಗೆ ಪಾಲು ಕೊಡುತ್ತೇವೆ ಎಂದು ಬೇಡಿಕೊಂಡರಂತೆ. ಎಂದಮೇಲೆ ಶರಣಾಗತರಿಂದಲೇ ರಾಜ್ಯವು ಹುಟ್ಟಿತು. ತೆರಿಗೆಯೆಂಬುದು ಮೊದಲ ಶರಣಾಗತರು ಅಭಯಕ್ಕೆ ಕೊಟ್ಟ ಕಾಣಿಕೆ. ಘಟ್ಟದ ಬುಡದ ರೈತನಿಗೂ ತುಂಗಭದ್ರೆಯನ್ನು ದಾಟಿ ಬಂದವನಿಗೂ ನಡುವೆ ಇರುವ ಭೇದವು, ಒಬ್ಬನು ಮೊದಲು ಬಂದನು, ಇನ್ನೊಬ್ಬನು ಆಮೇಲೆ ಬಂದನು ಎಂಬಷ್ಟೇ ಆಗಿದೆ. ಮೊದಲು ಬಂದವನಿಗೆ ಹಕ್ಕು ಹೆಚ್ಚು, ಅದನ್ನು ಅಲ್ಲಗಳೆಯಲಾಗದು. ಆದರೆ ಆಮೇಲೆ ಬಂದವನಿಗೆ ಹಕ್ಕೇ ಇಲ್ಲವೆನ್ನುವ ರಾಜ್ಯವು ತಾನು ಯಾವುದಕ್ಕಾಗಿ ಹುಟ್ಟಿತೋ ಅದನ್ನೇ ಮರೆಯುತ್ತದೆ, ಮತ್ತು ಇಂದು ಹೊರಗಿನವನನ್ನು ಹಿತದ ಹೆಸರಿನಲ್ಲಿ ಕೈಬಿಟ್ಟ ರಾಜ್ಯವು ನಾಳೆ ಅದೇ ಹೆಸರಿನಲ್ಲಿ ಒಳಗಿನವನನ್ನು ಕೈಬಿಡಲಾರದೆಂದು ಯಾರೂ ಭರವಸೆ ಕೊಡಲಾರರು.

ವಿಭೀಷಣನು ಸಮುದ್ರವನ್ನು ದಾಟಿ ಬಂದಾಗ ರಾಮನು ಮೊದಲು ಕಪಿನಾಯಕರ ಅಭಿಪ್ರಾಯವನ್ನೆಲ್ಲ ಕೇಳಿದನೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಸುಗ್ರೀವನು ಸಂಶಯಪಟ್ಟನು, ಅಂಗದನು ಪರೀಕ್ಷೆಯಾಗಲಿ ಎಂದನು, ಹನುಮಂತನು ಮಾತ್ರ ಬಂದವನ ಮುಖವನ್ನು ನೋಡಿ ಮಾತಾಡಿದನು. ಆ ಬಳಿಕ ರಾಮನು ಅಭಯವು ತನ್ನ ವ್ರತವೆಂದನು. ಯುದ್ಧದಲ್ಲಿ ಸಾಯಬೇಕಾದವರು ಯಾರೋ ಅವರ ಮುಂದೆ ತನ್ನ ಧರ್ಮವನ್ನು ಬಿಡಿಸಿ ಹೇಳಿ, ಅದನ್ನು ಅವರ ಧರ್ಮವಾಗಿಯೂ ಮಾಡಿದುದರಲ್ಲಿ ಅರಸನ ಹೊಣೆಗಾರಿಕೆ ಇದೆ.

ಚೆನ್ನಮ್ಮನು ಏನನ್ನು ಮಾಡಲಿಲ್ಲವೆಂಬುದೂ ಮುಖ್ಯ. ಆಕೆ ಮರಾಠರ ಯುದ್ಧವನ್ನು ತನ್ನ ಯುದ್ಧವನ್ನಾಗಿ ಮಾಡಿಕೊಳ್ಳಲಿಲ್ಲ. ಪನ್ಹಾಳೆಗೆ ಸೈನ್ಯ ಕಳುಹಿಸಲಿಲ್ಲ. ಕೆಲವರು ಇದನ್ನು ಹಿಂದೂ ರಾಣಿಯು ಹಿಂದೂ ಅರಸನನ್ನು ಉಳಿಸಿದ ಕಥೆಯಾಗಿ ಮಾತ್ರ ಹೇಳುತ್ತಾರೆ. ಸಮಾನಧರ್ಮವು ಬಸರೂರನ್ನು 1665ರಲ್ಲಿ ಉಳಿಸಲಿಲ್ಲ. ಅದೇ ಚೆನ್ನಮ್ಮನು 1678ರಲ್ಲಿ ಗೋವೆಯ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ತನ್ನ ಕರಾವಳಿಯ ಊರುಗಳಲ್ಲಿ ಇಗರ್ಜಿಗಳಿಗೆ ಎಡೆಮಾಡಿಕೊಟ್ಟವಳು. ಬಂದವನು ಯಾರವನೆಂದು ಮೊದಲು ಕೇಳದ ಶರಣರ ದಾಸೋಹಭಾವದಲ್ಲಿ ಬೆಳೆದ ವೀರಶೈವ ರಾಣಿಯ ಮುಂದೆ ಜಂಗಮವೇಷದಲ್ಲಿ ಬಂದು ನಿಂತವನಿಗೆ ಆಕೆ ತೆರೆದ ಬಾಗಿಲನ್ನು ಒಂದು ಪಂಗಡದ ಬಾಗಿಲಾಗಿ ಕಿರಿದುಗೊಳಿಸುವುದು ಆಕೆಗೆ ಗೌರವವಲ್ಲ. ಅದು ಲಾಭದ ಬಾಗಿಲೂ ಅಲ್ಲ. ಮುಂದಿನ ಶತಮಾನದಲ್ಲಿ ಮರಾಠರ ಸೈನ್ಯಗಳು ಬಿದನೂರಿನಿಂದಲೇ ಚೌಥವನ್ನು ವಸೂಲು ಮಾಡಿದವು. 1763ರಲ್ಲಿ ಹೈದರಲಿಯು ಬಿದನೂರನ್ನು ನುಂಗಿದಾಗ 1689ರ ಋಣವನ್ನು ತೀರಿಸಲು ಯಾರೂ ಬರಲಿಲ್ಲ. ಪ್ರತಿಫಲದ ಲೆಕ್ಕದಲ್ಲಿ ಆಕೆಯ ನೀತಿಯು ನಷ್ಟವೆಂದು ಹೇಳಬೇಕಾಗುತ್ತದೆ, ಮತ್ತು ಆ ಲೆಕ್ಕದಿಂದ ಅದರ ಸತ್ಯಕ್ಕೆ ಯಾವ ಕುಂದೂ ಬರುವುದಿಲ್ಲ.

ಅಭಯಕ್ಕೂ ಹಸ್ತಕ್ಷೇಪಕ್ಕೂ ಇರುವ ಈ ಅಂತರವನ್ನು ನಮ್ಮ ಕಾಲದ ಭಾರತವು ಕಷ್ಟದಿಂದ ಕಲಿತಿದೆ. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನರು ಗಡಿ ದಾಟಿ ಬಂದಾಗ ದೇಶವು ಮೊದಲು ಮಾಡಿದುದು ಅವರಿಗೆ ಅನ್ನವನ್ನೂ ನೆಲವನ್ನೂ ಕೊಡುವುದನ್ನು. ಬಹಿರಂಗ ಯುದ್ಧವು ಬಂದುದು ತಿಂಗಳುಗಳ ಮೇಲೆ, ಡಿಸೆಂಬರಿನಲ್ಲಿ. ಸಿಂಹಳದಲ್ಲಿ ಹಾಗಾಗಲಿಲ್ಲ. ಅಲ್ಲಿಯ ತಮಿಳರಿಗೆ ಆಶ್ರಯ ಕೊಟ್ಟುದರ ಜೊತೆಗೇ ಅವರಲ್ಲಿಯ ಆಯುಧಧಾರಿಗಳಿಗೆ ತರಬೇತನ್ನೂ ಕೊಟ್ಟು, 1987ರ ಜುಲೈ ಒಪ್ಪಂದದ ಮೇಲೆ ಶಾಂತಿಯ ಹೆಸರಿನಲ್ಲಿ ಸೈನ್ಯವನ್ನೂ ಕಳುಹಿಸಿ, ಕೊನೆಗೆ ತರಬೇತು ಪಡೆದವರೊಡನೆಯೇ ಕಾದಾಡಿ, ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚಿಯಲ್ಲಿ ನಮ್ಮ ಸೈನ್ಯವು ಹಿಂದಿರುಗಿತು. ಮರುವರ್ಷ ಶ್ರೀಪೆರುಂಬುದೂರಿನಲ್ಲಿ ನಡೆದ ಮಾಜಿ ಪ್ರಧಾನಮಂತ್ರಿಯ ಹತ್ಯೆಯ ಕೊನೆಯ ಅಧ್ಯಾಯವು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಮುಗಿಯಿತು. ಅದೇ ದ್ವೀಪದಿಂದ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಮರಳಿದ ತೋಟದ ಕೂಲಿಗಳ ಕುಟುಂಬಗಳು ನಮ್ಮ ಕರಾವಳಿಯ ತೆಂಕಣ ಭಾಗದ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ನೆಲೆಗೊಂಡವು. ಟಿಬೇಟಿನಿಂದ ಬಂದವರು 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ಕಾಡು ಕಡಿದು ಜೋಳ ಬೆಳೆದರು. ಇವರಿಂದ ಕನ್ನಡ ನಾಡು ಮುಳುಗಿಹೋಗಲಿಲ್ಲ. ಆಯುಧವನ್ನು ಕೊಟ್ಟಲ್ಲಿ ಬೆಂಕಿಯು ನಮ್ಮ ಮನೆಗೂ ಬಂದಿತು, ನೆಲವನ್ನು ಕೊಟ್ಟಲ್ಲಿ ಬೆಳೆ ಬಂದಿತು. ಇಷ್ಟು ಸ್ಪಷ್ಟವಾದ ಅನುಭವವು ನೀತಿಯಾಗಿ ಇನ್ನೂ ರೂಪುಗೊಂಡಿಲ್ಲವೆಂಬುದೇ ಖೇದದ ಸಂಗತಿ.

ಇಂದು ನಮ್ಮ ಮುಂದಿರುವ ತುಂಗಭದ್ರೆಯು ಬ್ರಹ್ಮದೇಶದ ಗಡಿಯಲ್ಲಿ ಹರಿಯುವ ತಿಯಾವು ಹೊಳೆ. 2021ರ ಫೆಬ್ರವರಿ 1ರಂದು ಸೈನ್ಯವು ಆ ದೇಶದ ಆಳ್ವಿಕೆಯನ್ನು ಕಿತ್ತುಕೊಂಡ ಮೇಲೆ, ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬು ಬೀಳತೊಡಗಲು, ಚಿನ್ ಜನರು ಸಾವಿರಸಾವಿರವಾಗಿ ಹೊಳೆ ದಾಟಿ ಮಿಜೋರಾಮಿಗೆ ಬಂದರು. ಮಾರ್ಚಿಯಲ್ಲಿ ಕೇಂದ್ರ ಗೃಹ ಮಂತ್ರಾಲಯವು ಈಶಾನ್ಯದ ರಾಜ್ಯಗಳಿಗೆ ಪತ್ರ ಬರೆದು ಅವರನ್ನು ತಡೆಯಬೇಕೆಂದಿತು. ಮಿಜೋರಾಮಿನ ಅಂದಿನ ಮುಖ್ಯಮಂತ್ರಿ ಜೋರಾಮ್‌ಥಾಂಗಾ ಅವರು ಪ್ರಧಾನಮಂತ್ರಿಗೆ ಬರೆದು, ತಮ್ಮ ಜನರೊಡನೆ ರಕ್ತಸಂಬಂಧವುಳ್ಳ ಇವರ ಸಂಕಟಕ್ಕೆ ಮಿಜೋರಾಮು ಕಣ್ಣು ಮುಚ್ಚಿಕೊಳ್ಳಲಾರದೆಂದು ತಿಳಿಸಿದರು; ಅಲ್ಲಿಯ ಚರ್ಚುಗಳೂ ಹಳ್ಳಿಗಳೂ ಬಂದವರಿಗೆ ಅಕ್ಕಿ ಹೊಂದಿಸಿದುವು. 2024ರ ಫೆಬ್ರವರಿಯಲ್ಲಿ, 1,643 ಕಿಲೋಮೀಟರು ಉದ್ದದ ಆ ಗಡಿಗೆಲ್ಲ ಬೇಲಿ ಹಾಕಲಾಗುವುದೆಂದೂ, ಗಡಿಯ ಇಬ್ಬದಿಯವರು 16 ಕಿಲೋಮೀಟರಿನವರೆಗೆ ಮುಕ್ತವಾಗಿ ಹೋಗಿಬರುವ ಏರ್ಪಾಟನ್ನು ಕೊನೆಗೊಳಿಸಲಾಗುವುದೆಂದೂ ಸರಕಾರವು ಸಾರಿತು. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. 2023ರ ಮೇ ತಿಂಗಳಿನಿಂದ ಮಣಿಪುರವು ಹೊತ್ತಿ ಉರಿದಿದೆ. ಗಡಿಯಲ್ಲಿ ಆಯುಧಗಳೂ ಮಾದಕದ್ರವ್ಯಗಳೂ ಹರಿಯುತ್ತವೆ. ಸಿತ್ವೆಯ ಬಂದರದಿಂದ ಕಲಾದನ್ ನದಿಯ ಮೂಲಕ ಮಿಜೋರಾಮಿಗೆ ಬರಬೇಕಾದ ಮಾರ್ಗಕ್ಕಾಗಿ ಅಲ್ಲಿ ಆಳುವವರೊಡನೆ ಮಾತಾಡಲೇಬೇಕಾಗಿದೆ. ಆಳುವವನೊಡನೆ ಮಾತನಾಡುವುದು ಅಧರ್ಮವಲ್ಲ. ಚೆನ್ನಮ್ಮನೂ ಕೊನೆಗೆ ಮೊಗಲರೊಡನೆ ಮಾತಾಡಿಯೇ ಸೈನ್ಯವನ್ನು ಹಿಂದಿರುಗಿಸಿಕೊಂಡಳೆಂದು ಪಾರಸಿ ಬಖೈರು ಹೇಳುತ್ತದೆ. ಮಾತಾಡಿದಳು, ದಂಡ ತೆತ್ತಳು, ಆದರೆ ಬಂದವನನ್ನು ಒಪ್ಪಿಸಲಿಲ್ಲ.

ನಮ್ಮ ಇಂದಿನ ನೀತಿಯಲ್ಲಿ ಆ ಮೂರನೆಯದಕ್ಕೆ ಎಡೆಯಿಲ್ಲವೆಂಬುದೇ ನನ್ನ ಆಕ್ಷೇಪ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ಸ್ವಂತದ ಕಾನೂನೂ ಇಲ್ಲ. ನಮ್ಮ ಸಂವಿಧಾನವು ಪ್ರಾಣವನ್ನು ಕಾಯುವ ಮಾತನ್ನು ಪ್ರಜೆಗೆ ಮಾತ್ರ ಹೇಳದೆ ಯಾವನೇ ವ್ಯಕ್ತಿಗೂ ಹೇಳುತ್ತದೆಂದು 1996ರಲ್ಲಿ ಚಕ್ಮಾ ಜನರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2021ರ ಏಪ್ರಿಲಿನಲ್ಲಿ, ರೋಹಿಂಗ್ಯಾ ಜನರನ್ನು ಬ್ರಹ್ಮದೇಶಕ್ಕೆ ಮರಳಿಸುವುದನ್ನು ತಡೆಯಬೇಕೆಂಬ ಬಿನ್ನಹವನ್ನು ಅದೇ ನ್ಯಾಯಾಲಯವು ಒಪ್ಪಲಿಲ್ಲ. ಹೀಗೆ ಟಿಬೇಟಿನವನಿಗೊಂದು, ಸಿಂಹಳದವನಿಗೊಂದು, ಚಿನ್ ಕ್ರೈಸ್ತನಿಗೊಂದು, ರೋಹಿಂಗ್ಯಾ ಮುಸಲ್ಮಾನನಿಗೊಂದು ಅಳತೆಯನ್ನಿಟ್ಟುಕೊಂಡು ಅದನ್ನು ಆ ಆ ಕಾಲದ ಅಧಿಕಾರಿಗಳ ಇಚ್ಛೆಗೆ ಬಿಡುವುದನ್ನು ನೀತಿಯೆಂದು ಕರೆಯಲಾಗದು. ಹದಿನೆಂಟು ವರ್ಷದ ಕಮ್ಮಾರನ ಮಗನಿಗೂ ಛತ್ರಪತಿಯ ಮಗನಿಗೂ ಬೆನ್ನಟ್ಟಿದ ಕತ್ತಿಯು ಒಂದೇ ರೀತಿ ಕಾಣುತ್ತದೆ.

ಕಲಬುರಗಿಯ ಬಳಿ, ಭೀಮಾತೀರದ ಸನ್ನತಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೊಂದರ ಮೇಲೆ ಅಶೋಕನ ಶಾಸನಗಳು ಸಿಕ್ಕವಷ್ಟೆ. ಕಳಿಂಗದ ಜನರಿಗಾಗಿ ಧೌಲಿ, ಜೌಗಡಗಳಲ್ಲಿ ಕೊರೆಯಿಸಿದ ಎರಡು ವಿಶೇಷ ಶಾಸನಗಳು ಅದರ ಮೇಲೆಯೂ ಇವೆ. ಅವುಗಳಲ್ಲೊಂದರಲ್ಲಿ ಅಶೋಕನು ತನ್ನ ಅಧಿಕಾರಿಗಳಿಗೆ, ಗಡಿಯಾಚೆಯ ಗೆಲ್ಲಲ್ಪಡದ ಜನರು ಈ ಅರಸನು ನಮ್ಮ ವಿಷಯದಲ್ಲಿ ಏನನ್ನು ಎಣಿಸಿರುವನೋ ಎಂದು ಅಂಜುತ್ತಿರಬಹುದೆಂದೂ, ಅವರು ತನ್ನಿಂದ ಸುಖವನ್ನೇ ಪಡೆಯಬೇಕಲ್ಲದೆ ದುಃಖವನ್ನಲ್ಲವೆಂದೂ, ಕ್ಷಮಿಸಬಹುದಾದುದನ್ನು ತಾನು ಕ್ಷಮಿಸುವೆನೆಂದೂ ಅವರಿಗೆ ನಂಬಿಕೆ ಹುಟ್ಟಿಸಬೇಕೆಂದು ಆಜ್ಞಾಪಿಸುತ್ತಾನೆ. ನೆರೆಯವರ ಹೃದಯದೊಳಗೆ ನಮ್ಮನ್ನು ಕುರಿತು ಯಾವ ಅಂಜಿಕೆಯಿದೆ ಎಂಬುದನ್ನು ಆಡಳಿತದ ಮೊದಲ ವಿಚಾರವನ್ನಾಗಿ ಮಾಡಿದ ಈ ಕಲ್ಲು ಕನ್ನಡ ನೆಲದಲ್ಲಿದೆ. ಲಕ್ಷ ಜನರನ್ನು ಕೊಂದ ಮೇಲೆ ಬಂದ ವಿವೇಕವದು. ಕೊಲ್ಲುವುದಕ್ಕೆ ಮೊದಲೇ ಅದು ಬರಬಾರದೆಂಬ ನಿಯಮವೇನೂ ಇಲ್ಲ.

ನಾವು ಶರಣಾಗತರನ್ನು ಕುರಿತು ಮಾತಾಡುವಾಗ ಸದಾ ನಮ್ಮನ್ನು ಬಾಗಿಲೊಳಗೆ ನಿಂತವರೆಂದೇ ಎಣಿಸಿಕೊಳ್ಳುತ್ತೇವೆ. 1942ರಲ್ಲಿ ಜಪಾನಿನವರು ರಂಗೂನನ್ನು ಹಿಡಿದಾಗ ಲಕ್ಷಾಂತರ ಭಾರತೀಯರು ಬ್ರಹ್ಮದೇಶದ ಮಲೆಗಳನ್ನು ನಡೆದು ದಾಟಿ ಈ ಕಡೆಗೆ ಬಂದರು, ದಾರಿಯಲ್ಲಿ ಸತ್ತವರು ಸಾವಿರಾರು. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯವು ಕುವೈತನ್ನು ನುಂಗಿದಾಗ, ಅಲ್ಲಿ ದುಡಿಯುತ್ತಿದ್ದ ಭಾರತೀಯರು, ಅವರಲ್ಲಿ ನಮ್ಮ ಕರಾವಳಿಯ ಮಂದಿಯೂ ಇದ್ದರು, ಮರಳುಗಾಡನ್ನು ದಾಟಿ ಜೋರ್ಡಾನಿನ ಗಡಿಗೆ ಬಂದು ಬಿದ್ದರು. ನೀರಿಗೇ ಬಡತನವಿರುವ ಆ ಚಿಕ್ಕ ದೇಶವು ಲಕ್ಷಗಟ್ಟಲೆ ಪರದೇಶದವರನ್ನು ತನ್ನ ಡೇರೆಗಳಲ್ಲಿ ಇರಿಸಿಕೊಂಡಿತು. ಅಮ್ಮಾನಿನಿಂದ ಏರ್ ಇಂಡಿಯಾದ ವಿಮಾನಗಳು 1,70,000ದಷ್ಟು ಭಾರತೀಯರನ್ನು ಮನೆಗೆ ಕರೆತಂದವು. ಆ ವಿಮಾನಗಳ ಸಾಹಸವನ್ನು ನಾವು ಸಿನಿಮಾ ಮಾಡಿ ಕೊಂಡಾಡಿದ್ದೇವೆ. ಬಾಗಿಲು ತೆರೆದವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಬದಲಾಗಬೇಕಾದುದು ಮೊದಲನೆಯದಾಗಿ ಕ್ರಮ. ನೆರೆಯಲ್ಲಿ ಯುದ್ಧ ಹುಟ್ಟಿದೊಡನೆ ಯಾರ ಪಕ್ಷ ಹಿಡಿಯೋಣ, ಯಾವ ಒಪ್ಪಂದ ಉಳಿಸಿಕೊಳ್ಳೋಣ ಎಂಬ ವಿಚಾರಕ್ಕೆ ಮೊದಲು, ಹೊಳೆ ದಾಟಿ ಬರುವವರನ್ನು ಎಲ್ಲಿ ಇರಿಸೋಣ ಎಂಬುದು ಮಂತ್ರಾಲಯದ ಮೇಜಿನ ಮೇಲೆ ಬರಬೇಕು. ಬೆನ್ನಟ್ಟಿದವನ ಕೈಗೆ ಯಾರನ್ನೂ ಒಪ್ಪಿಸೆವೆಂಬುದು ಕುಲ ಮತಗಳ ಹಂಗಿಲ್ಲದೆ ಕಾನೂನಿನಲ್ಲಿ ಬರೆದಿರಬೇಕು. ಆಯುಧ ಹಿಡಿದು ಬಂದವನು ಆಯುಧವನ್ನು ಗಡಿಯಲ್ಲಿ ಇಟ್ಟು ಬರಬೇಕು, ಹಿಡಿದೇ ಇರುವವನಿಗೆ ಆಶ್ರಯವಿಲ್ಲ. ಇನ್ನು ಶಿಬಿಯ ತಕ್ಕಡಿಯ ಪ್ರಶ್ನೆ. ಅದಕ್ಕೆ ಪೂರ್ಣವಾದ ಉತ್ತರವನ್ನು ನಾನು ಕಂಡಿಲ್ಲ, ಆದರೆ ಒಂದು ಅನ್ಯಾಯವು ಮಾತ್ರ ಸ್ಪಷ್ಟವಾಗಿದೆ: ದೇಶವೆಲ್ಲ ಹೊರಬೇಕಾದ ಹೊರೆಯನ್ನು ಇಂದು ಚಂಫಾಯಿಯಂತಹ ಗಡಿಜಿಲ್ಲೆಗಳ ಬೇಸಾಯಗಾರರೇ ಹೆಚ್ಚಾಗಿ ಹೊತ್ತಿದ್ದಾರೆ, ಸಿದ್ದಾಪುರದಲ್ಲಿ ಕುಳಿತ ನಾವು ಅದರಲ್ಲಿ ಒಂದು ಸೇರು ಅಕ್ಕಿಯ ಭಾರವನ್ನೂ ಅರಿಯೆವು. ರಾಣಿಯ ದಂಡವನ್ನು ಹೊತ್ತ ಅಂದಿನ ರೈತನನ್ನು ಯಾರೂ ಕೇಳಲಿಲ್ಲ. ಇಂದು ನಮಗೆ ಮತವಿದೆ, ಬಾಯಿಯಿದೆ. ಬಂದವರ ಅನ್ನಕ್ಕೆ, ಔಷಧಕ್ಕೆ, ಮಕ್ಕಳ ಶಾಲೆಗೆ ತಗಲುವ ವೆಚ್ಚವನ್ನು ಕೇಂದ್ರದ ಆಯವ್ಯಯದಲ್ಲಿ ಪ್ರತ್ಯೇಕವಾಗಿ ಬರೆದು, ನಮ್ಮ ತೆರಿಗೆಯಿಂದಲೂ ಅದರ ಪಾಲನ್ನು ತೆಗೆದುಕೊಳ್ಳಿರೆಂದು ನಾವೇ ಮುಂದಾಗಿ ಹೇಳಿದರೆ, ಪರರ ಮಾಂಸವನ್ನು ತೂಗಿ ಕೊಡುವ ದೋಷವು ಆ ಮಟ್ಟಿಗಾದರೂ ರಾಜ್ಯದ ಮೇಲಿನಿಂದ ಇಳಿಯುತ್ತದೆ.